ಲಿನಕ್ಸ್‌ಗೆ ಗ್ರಾಫಿಕ್ಸ್ ಕಾರ್ಡ್ ಕಾಣ್ತಿಲ್ಲ: ಭಾನುವಾರದ ಪ್ರಶ್ನೋತ್ತರ (ಕೇಳಿದವರ ಹೆಸರಿನ ಬದಲು ಅವರ ಊರು, ಬಡಾವಣೆ)

ಸರ್ವೀಸ್ ಅಂಗಡಿ (ಸರಸ್ವತಿಪುರಂ, ಮೈಸೂರು): ಕೇಳೋ ಮುಂಚೆ ಟರ್ಮಿನಲ್‌ನಲ್ಲಿ (ಕಮಾಂಡ್ ಟೈಪ್ ಮಾಡೋ ಕಿಟಕಿ) ‘ಎಲ್‌ಎಸ್‌ಪಿಸಿಐ -ಎನ್‌ಎನ್‌ಕೆ’ (lspci -nnk, ಮಷೀನಿಗೆ ಕಾಣೋ ಕಾರ್ಡುಗಳ ಪಟ್ಟಿ) ಕೊಟ್ಟು, ಬಂದಿದ್ದನ್ನ ಇಲ್ಲಿ ಹಾಕಿ. ಕಾರ್ಡಿನ ಹೆಸರೇ ಇಲ್ಲ ಅಂದ್ರೆ ಸ್ಲಾಟು, ಪವರ್ರು, ಬಯೋಸು (ಆನ್ ಆದ ತಕ್ಷಣ ಬೋರ್ಡನ್ನ ಎಬ್ಬಿಸೋ ಪ್ರೋಗ್ರಾಮು) ನೋಡ್ಬೇಕು. ಹೆಸರಿದ್ದು ‘ಕರ್ನಲ್ ಡ್ರೈವರ್ ಇನ್ ಯೂಸ್’ ಸಾಲು ಇಲ್ಲ ಅಂದ್ರೆ ಡ್ರೈವರ್, ಅಂದ್ರೆ ಕಾರ್ಡನ್ನ ನಡೆಸೋ ಸಾಫ್ಟ್‌ವೇರ್, ಕೂತಿಲ್ಲ. ಎರಡೂ ಬೇರೆ ಬೇರೆ ಕಾಯಿಲೆ.

ಕುವೆಂಪುನಗರ: ಹೊಸ ಕಾರ್ಡ್ ಸರ್. ಫ್ಯಾನ್ ತಿರುಗುತ್ತೆ, ಮಾನಿಟರ್ ಕಪ್ಪು.

ಅಂಗಡಿ: ಕೇಬಲ್ ಮದರ್‌ಬೋರ್ಡ್‌ಗೆ ಹಾಕಿದ್ದೀರಿ ಅನ್ಸುತ್ತೆ. ಕಾರ್ಡಿಗೆ ಹಾಕಿ.

ಶ್ರೀರಂಗಪಟ್ಟಣ: ಜಿಟಿ 710 ಕಾರ್ಡು. ಹೊಸಾ ಡ್ರೈವರ್ ಹಾಕಿದ್ರೂ ಗುರುತಿಸ್ತಿಲ್ಲ.

ಅಂಗಡಿ: ಹೊಸದು ಹಾಕಿದ್ದೇ ತಪ್ಪು. ಅದು ಕೆಪ್ಲರ್ ಅನ್ನೋ ಹಳೇ ಪೀಳಿಗೆ ಕಾಲದ ಚಿಪ್ಪು, ಅದನ್ನ ಮಾಡಿದ ಎನ್‌ವಿಡಿಯಾದವರು 470ನೇ ಡ್ರೈವರ್ ಸರಣಿಗೇ ಕೈಬಿಟ್ಟಿದ್ದಾರೆ. ಬರೀ ಬ್ರೌಸರ್, ಟೈಪಿಂಗ್ ಅಂದ್ರೆ ಲಿನಕ್ಸ್ ಜೊತೇಲೇ ಬರೋ ನೂವೋ ಡ್ರೈವರ್ರೇ ಸಾಕು.

ಮಂಡ್ಯ (ಎಂಜಿನಿಯರಿಂಗ್ ವಿದ್ಯಾರ್ಥಿನಿ): ಸರ್, ಜಿಟಿಎಕ್ಸ್ 1650, ಉಬುಂಟು 22.04. ಆರು ತಿಂಗಳು ಚೆನ್ನಾಗಿತ್ತು. ಮೊನ್ನೆ ರಾತ್ರಿಯೆಲ್ಲಾ ಕರೆಂಟ್ ಇರ್ಲಿಲ್ಲ. ಬೆಳಗ್ಗೆಯಿಂದ ಪರದೆ 1024×768ಕ್ಕೆ ನಿಂತಿದೆ. ಎಲ್‌ಎಸ್‌ಪಿಸಿಐನಲ್ಲಿ ಹೆಸರು ಬರುತ್ತೆ. ಡ್ರೈವರ್ ಲೋಡ್ ಮಾಡೋ ಮಾಡ್‌ಪ್ರೋಬ್ ಕಮಾಂಡ್ ಕೊಟ್ರೆ ‘ಕೀ ವಾಸ್ ರಿಜೆಕ್ಟೆಡ್ ಬೈ ಸರ್ವೀಸ್’ ಅನ್ನುತ್ತೆ. ಆನ್ ಮಾಡಿದಾಗ ಗಡಿಯಾರ 2019 ತೋರಿಸ್ತಿತ್ತು, ವೈಫೈ ಸಿಕ್ಕ ಮೇಲೆ ಸರಿಹೋಯ್ತು. ಕಾರ್ಡ್ ಸುಟ್ಟೋಯ್ತಾ?

ಅಂಗಡಿ: ಸುಟ್ಟಿಲ್ಲಮ್ಮ. ಗಡಿಯಾರದ ಮಾತು ಹೇಳಿದ್ದು ಒಳ್ಳೇದಾಯ್ತು. ಬೋರ್ಡ್ ಮೇಲಿನ ಬಟನ್ ಸೆಲ್, ಸಿಆರ್2032, ಖಾಲಿಯಾಗಿದೆ. ಕರೆಂಟ್ ಇದ್ದಷ್ಟು ದಿನ ಗೊತ್ತಾಗ್ಲಿಲ್ಲ, ಕರೆಂಟ್ ಹೋದ ಆ ರಾತ್ರಿ ಬಯೋಸ್ ತನ್ನ ಸೆಟ್ಟಿಂಗನ್ನೆಲ್ಲಾ ಮರೆತು ಫ್ಯಾಕ್ಟರಿ ಲೆಕ್ಕಕ್ಕೆ ಹೋಗಿದೆ. ಆ ಲೆಕ್ಕದಲ್ಲಿ ಸೆಕ್ಯೂರ್ ಬೂಟ್ (ಸಹಿ ನೋಡಿ ಒಳಗೆ ಬಿಡೋ ಕಾವಲು) ಆನ್ ಇದ್ದಿರ್ಬೇಕು. ಈಗ ಲಿನಕ್ಸಿನ ತಿರುಳಾದ ಕರ್ನಲ್ಲು ತನಗೆ ಗೊತ್ತಿಲ್ಲದ ಸಹಿ ಇರೋ ಡ್ರೈವರನ್ನ ಬಾಗಿಲಲ್ಲೇ ವಾಪಸ್ ಕಳಿಸ್ತಿದೆ. ‘ಮೋಕ್‌ಯುಟಿಲ್ --ಎಸ್‌ಬಿ-ಸ್ಟೇಟ್’ (mokutil --sb-state) ಕೊಡು, ‘ಎನೇಬಲ್ಡ್’ ಅಂತ ಬಂದ್ರೆ ಇದೇ. ಮೊದಲು ಸೆಲ್ ಬದಲಾಯಿಸು, ಪ್ಲಗ್ ಕಿತ್ತು. ಆಮೇಲೆ ಡಿಕೆಎಂಎಸ್ (ಕರ್ನಲ್ಲಿಗೆ ತಕ್ಕಂತೆ ಡ್ರೈವರ್ ಕಟ್ಟೋ ಪ್ರೋಗ್ರಾಮು) ಮಾಡಿಟ್ಟಿರೋ ಸಹಿಯ ಕೀನ ಮೋಕ್‌ಯುಟಿಲ್‌ನಲ್ಲಿ ಇಂಪೋರ್ಟ್ ಮಾಡು. ಪಾಸ್‌ವರ್ಡ್ ಇಡೋಕೆ ಹೇಳುತ್ತೆ, ಚೀಟೀಲಿ ಬರ್ಕೋ. ರೀಬೂಟ್ ಆದಾಗ ನೀಲಿ ಪರದೆ ಬರುತ್ತೆ, 10 ಸೆಕೆಂಡ್ ಮಾತ್ರ ಇರುತ್ತೆ. ಅಷ್ಟರಲ್ಲಿ ಕೀಬೋರ್ಡಿನ ಯಾವುದಾದ್ರೂ ಕೀ ಒತ್ತಿ ‘ಎನ್‌ರೋಲ್ ಮೋಕ್’ (ಸಹಿಯ ಕೀ ಸೇರಿಸು) ಆರಿಸ್ಕೋ. ಬರೀ ಸೆಕ್ಯೂರ್ ಬೂಟ್ ಆಫ್ ಮಾಡಿದ್ರೂ ಆಗುತ್ತೆ, ಆದ್ರೆ ಸೆಲ್ ಹಾಕ್ದೆ ಮಾಡಿದ್ರೆ ಮುಂದಿನ ಪವರ್‌ಕಟ್‌ಗೆ ಮತ್ತೆ ಇದೇ ಗೋಳು.

ವಿಜಯನಗರ: ಫಾರ್ವರ್ಡ್ ಬಂದಿದ್ದು: ಕಾರ್ಡನ್ನ ಓವನ್‌ನಲ್ಲಿ 8 ನಿಮಿಷ ಬಿಸಿ ಮಾಡಿದ್ರೆ ಗುರುತು ಹಿಡಿಯುತ್ತೆ.

ಅಂಗಡಿ: ಆ ಹುಡುಗಿ ಕಾರ್ಡ್ ಚೆನ್ನಾಗಿದೆ, ಅದನ್ನ ಬೇಯಿಸ್ಬೇಕಾ? ಕೆಪ್ಯಾಸಿಟರ್ ಉಬ್ಬುತ್ತೆ, ಪ್ಲಾಸ್ಟಿಕ್ ಕರಗುತ್ತೆ, ಆಮೇಲೆ ಅದೇ ಓವನ್‌ನಲ್ಲಿ ಮಕ್ಕಳಿಗೆ ಕೇಕ್ ಮಾಡ್ತೀರಾ. ಹೀಗೆ ಬೇಯಿಸಿದ್ದನ್ನ ನನ್ನ ಅಂಗಡಿಗೆ ತರಬೇಡಿ.

ಟಿ.ಕೆ. ಬಡಾವಣೆ: ಇದಕ್ಕೇ ಎನ್‌ವಿಡಿಯಾ ಬಿಟ್ಟು ಎಎಮ್‌ಡಿ ಕಂಪನಿ ಕಾರ್ಡ್ ತಗೊಳ್ಳಿ ಅನ್ನೋದು. ಡ್ರೈವರ್ ಕರ್ನಲ್ ಜೊತೇಲೇ ಬರುತ್ತೆ.

ಮದ್ದೂರು: ಎನ್‌ವಿಡಿಯಾನೂ 2022ರಲ್ಲೇ ಕರ್ನಲ್ ಮಾಡ್ಯೂಲ್ (ಕರ್ನಲ್ಲಿಗೆ ಸೇರೋ ಡ್ರೈವರ್ ಭಾಗ) ಸೋರ್ಸ್ ಎಲ್ರಿಗೂ ಬಿಟ್ಟುಕೊಟ್ಟಿದೆ ಗುರು.

ಟಿ.ಕೆ. ಬಡಾವಣೆ: ಹೊರಗಡೆ ಕಟ್ಟಿದ ಮಾಡ್ಯೂಲಿಗೆ ಸಹಿ ಆಗಲೂ ಬೇಕು. ಓದಿ ಮಾತಾಡಿ.

ಮದ್ದೂರು: ನೀವು 3ಡಿ ಸಾಫ್ಟ್‌ವೇರ್ ಬ್ಲೆಂಡರ್‌ನಲ್ಲಿ ಒಂದು ಫ್ರೇಮ್ ರೆಂಡರ್ ಮಾಡಿ ಮಾತಾಡಿ.

ವಿಜಯನಗರ: ಇಬ್ರೂ ವಿಂಡೋಸ್ ಹಾಕ್ಕೊಳ್ಳಿ, ನೆಮ್ಮದಿ.

ನಂಜನಗೂಡು: ಕಾರ್ಡಿನ ಚಿನ್ನದ ಅಂಚನ್ನ ರಬ್ಬರ್‌ನಲ್ಲಿ ಉಜ್ಜಬಹುದಾ?

ಮದ್ದೂರು: ಟಿ.ಕೆ. ಬಡಾವಣೆಯವರೇ, ಉತ್ತರ ಬರ್ಲಿಲ್ಲ.

ಹುಣಸೂರು: ಸರ್, ಕಾರ್ಡ್ ಹಾಕಿದ್ರೆ ಮಾನಿಟರ್ ಕಪ್ಪು.

ಅಂಗಡಿ: ಕೇಬಲ್. ಮೇಲಿದೆ, ಓದಿ.

ಮಂಡ್ಯ: ಸರ್, ಸೆಲ್ ಹಾಕಿದೆ, ಟೈಮ್ ಸರಿ ನಿಲ್ತಿದೆ. ನೀಲಿ ಪರದೆ ಬಂದಾಗ ಅಮ್ಮ ಕರೆದ್ರು, ಹೋಗ್ಬಿಟ್ಟಿತ್ತು.

ಅಂಗಡಿ: ಮತ್ತೆ ಇಂಪೋರ್ಟ್ ಮಾಡಿ ರೀಬೂಟ್ ಮಾಡು. ಈ ಸಲ ಎದ್ದೇಳ್ಬೇಡ.

ಹುಣಸೂರು: ಯಾವ ಕೇಬಲ್ ಸರ್?