ಇನ್ವರ್ಟರ್‌ಗೆ ಬಂದ ಕೂಡಲೇ ಫ್ಯಾನ್ ಗುಂಯ್ ಅನ್ನುವುದೇಕೆ?

ಪ್ರಶ್ನೆ (ತೀರ್ಥಹಳ್ಳಿ ಕಡೆಯಿಂದ):
ಸರ್, ಮಳೆಗಾಲದಲ್ಲಿ ಲೈನ್ ಮೇಲೆ ಮರ ಬೀಳುವುದು, ಕರೆಂಟ್ ಹೋಗುವುದು ನಮ್ಮಲ್ಲಿ ಮಾಮೂಲಿ. ಮನೆಯಲ್ಲಿರುವುದು ಹಳೆಯ ಸ್ಕ್ವೇರ್ ವೇವ್ ಇನ್ವರ್ಟರ್. ಅದು ಆನ್ ಆದರೆ ಫ್ಯಾನ್ ಗುಂಯ್ ಅನ್ನುತ್ತದೆ, ಮಾವನವರಿಗೆ ನಿದ್ದೆಯೇ ಇಲ್ಲ. ಟಿವಿ, ಎಲ್‌ಇಡಿ ಬಲ್ಬಿಗೆ ಏನೂ ತೊಂದರೆ ಇಲ್ಲ. ಅಂಗಡಿಯವರು ಸೈನ್ ವೇವ್ ತಗೊಳ್ಳಿ ಅನ್ನುತ್ತಾರೆ. ಸುಮ್ನೆ ಮಾರಾಟಕ್ಕೆ ಹೇಳುವುದಾ?

ಉತ್ತರ (ಇನ್ವರ್ಟರ್ ರಿಪೇರಿ, ಶಿವಮೊಗ್ಗ):
ಅವರು ಹೇಳಿದ್ದು ಸುಳ್ಳಲ್ಲ ಅಕ್ಕ. ಲೈನ್ ಕರೆಂಟ್ ಸೆಕೆಂಡಿಗೆ 50 ಸಲ (50 ಹರ್ಟ್ಸ್) ನಯವಾಗಿ ಏರಿಳಿಯುತ್ತದೆ, ಇದೇ ಸೈನ್ ವೇವ್. ಸೊನ್ನೆಯಿಂದ ಸುಮಾರು 325 ವೋಲ್ಟ್‌ವರೆಗೆ ಏರಿ, ಇಳಿದು, ಆಚೆ ಕಡೆಗೂ ಅಷ್ಟೇ ಹೋಗಿ ಬರುತ್ತದೆ. ನಾವು 230 ಅನ್ನುವುದು ಅದರ ಆರ್‌ಎಂಎಸ್ ಲೆಕ್ಕ, ಅಂದರೆ ಏರಿಳಿತವಿಲ್ಲದೆ ಅಷ್ಟೇ ಬಿಸಿ ಕೊಡುವ ವೋಲ್ಟೇಜ್. ನಿಮ್ಮ ಇನ್ವರ್ಟರ್ ಹಾಗಲ್ಲ. ತಟ್ಟನೆ ಮೇಲೆ, ತಟ್ಟನೆ ಕೆಳಗೆ.

ಮತ್ತೆ ಮತ್ತೆ ಬರುವ ಯಾವ ಅಲೆಯನ್ನಾದರೂ ಸೈನ್ ಅಲೆಗಳನ್ನು ಕೂಡಿಸಿ ಕಟ್ಟಬಹುದು ಅಂತ ಫ್ರಾನ್ಸಿನ ಗಣಿತಜ್ಞ ಫೂರಿಯೇ 1822ರಲ್ಲೇ ಬರೆದಿಟ್ಟಿದ್ದಾನೆ. ಸ್ಕ್ವೇರ್ ವೇವ್ ಬಿಡಿಸಿದರೆ 50 ಹರ್ಟ್ಸ್ ಜೊತೆಗೆ ಅದರ ಮೂರನೇ ಒಂದರಷ್ಟು ಎತ್ತರದ 150, ಐದನೇ ಒಂದರಷ್ಟು 250, ಹೀಗೆ ಸಾಲು ಸಾಲು ಸಿಗುತ್ತದೆ. ಫ್ಯಾನ್ ತಿರುಗಿಸುವುದು 50 ಮಾತ್ರ. ಉಳಿದವು ಒಳಗಿನ ಕಬ್ಬಿಣದ ಪಟ್ಟಿ, ತಂತಿಸುತ್ತು ಅದುರಿಸಿ ಬಿಸಿ ಮಾಡುತ್ತವೆ. ಮೇಲಿನ ಆ ಸದ್ದುಗಳು ಕಿವಿಗೂ ಜಾಸ್ತಿ ಚುರುಕಾಗಿ ಕೇಳುತ್ತವೆ. ಟಿವಿ, ಎಲ್‌ಇಡಿ ಒಳಗೆ ಬಂದದ್ದನ್ನು ಮೊದಲು ಡಿಸಿ (ಒಂದೇ ದಿಕ್ಕಿನ ಕರೆಂಟ್) ಮಾಡಿಕೊಳ್ಳುತ್ತವೆ, ಅಲೆಯ ಆಕಾರ ಅವಕ್ಕೆ ಲೆಕ್ಕಕ್ಕಿಲ್ಲ.

ದುಡ್ಡು ಬಿಚ್ಚುವ ಮೊದಲು ರೆಗ್ಯುಲೇಟರ್ ಫುಲ್‌ಗೆ ತಿರುಗಿಸಿ ನೋಡಿ, ಆಗ ಕರೆಂಟ್ ಅದರ ಕೆಪಾಸಿಟರ್ ದಾಟದೆ ನೇರ ಹೋಗುತ್ತದೆ. ಸದ್ದು ಬಹಳ ತಗ್ಗಿದರೆ ಅದರೊಳಗಿನ ಕೆಪಾಸಿಟರ್‌ದೂ ಪಾಲಿದೆ. ಹೆಚ್ಚಿನ ಹರ್ಟ್ಸ್ ಅದರಲ್ಲಿ ಸಲೀಸಾಗಿ ನುಗ್ಗುತ್ತದೆ. ಮಾವನವರ ಕೋಣೆಯ ಒಂದೇ ಫ್ಯಾನ್‌ನ ಪ್ರಶ್ನೆಯಾದರೆ ನಾನಾದರೆ ಬಿಎಲ್‌ಡಿಸಿ (ಬ್ರಷ್ ಇಲ್ಲದ ಡಿಸಿ ಮೋಟರ್) ಫ್ಯಾನ್ ಹಾಕಿಸುತ್ತೇನೆ. ಅದೂ ಒಳಗೆ ಡಿಸಿ ಮಾಡಿಕೊಳ್ಳುತ್ತದೆ. 75 ವ್ಯಾಟ್ ಜಾಗದಲ್ಲಿ 30ರ ಆಸುಪಾಸು ಸಾಕು, ಬ್ಯಾಟರಿಯೂ ಹೆಚ್ಚು ಹೊತ್ತು ಬರುತ್ತದೆ.

ಪ್ರಶ್ನೆ (ಪಿಯು ವಿದ್ಯಾರ್ಥಿ, ಸಾಗರ):
ಹಾಗಾದರೆ ಶರಾವತಿಯಿಂದ ಬರುವ ಕರೆಂಟಿಗೆ ಸೈನ್ ಆಕಾರ ಕೊಡುವುದು ಯಾರು ಅಣ್ಣ?

ಉತ್ತರ:
ತಿರುಗುವುದೇ ಕೊಡುತ್ತದೆ ತಮ್ಮ. ಸೈಕಲ್ಲಿಗೆ ಸ್ಟ್ಯಾಂಡ್ ಹಾಕಿ ಹಿಂದಿನ ಚಕ್ರ ಒಂದೇ ವೇಗದಲ್ಲಿ ತಿರುಗಿಸು. ಗಾಳಿ ತುಂಬುವ ವಾಲ್ವ್ ಹೊತ್ತು ಹೊತ್ತಿಗೆ ಎಷ್ಟು ಎತ್ತರದಲ್ಲಿದೆ ಅಂತ ಗ್ರಾಫ್ ಬರೆ, ಸೈನ್ ಬರುತ್ತದೆ. ಲಿಂಗನಮಕ್ಕಿ ನೀರು ತಳಕಳಲೆ ಜಲಾಶಯದ ಮೂಲಕ ಹೋಗಿ ಟರ್ಬೈನ್ ತಿರುಗಿಸಿದಾಗ ಅಯಸ್ಕಾಂತ ಸುರುಳಿಗಳ ಮುಂದೆ ಹಾಗೇ ಸುತ್ತುತ್ತದೆ. ಆದರೂ ಪೂರ್ತಿ ತಾನಾಗಿ ಅಲ್ಲ. ಅಯಸ್ಕಾಂತದ ಮುಖಕ್ಕೆ ತಕ್ಕ ಆಕಾರ ಕೊಟ್ಟು, ಸುತ್ತುಗಳನ್ನು ಹಂಚಿ ಹಾಕಿ ಅಲೆಯನ್ನು ಇನ್ನೂ ನಯ ಮಾಡಿರುತ್ತಾರೆ.

ಪ್ರಶ್ನೆ (ಹೊಸನಗರ):
ನಮ್ಮದೂ ಸ್ಕ್ವೇರ್ ವೇವ್. ಮೀಟರ್ 244 ತೋರಿಸುತ್ತದೆ. ವೋಲ್ಟೇಜ್ ಜಾಸ್ತಿ ಆಯ್ತಲ್ವಾ?

ಉತ್ತರ:
ಗಾಬರಿ ಬೇಡ. ಸಾದಾ ಮೀಟರ್ ಸರಾಸರಿ ಅಳೆದು, ಇದು ಸೈನ್ ಅಂತಲೇ ನಂಬಿ 1.11ರಿಂದ ಗುಣಿಸುತ್ತದೆ. ಸ್ಕ್ವೇರ್‌ನಲ್ಲಿ ಸರಾಸರಿಯೂ ಆರ್‌ಎಂಎಸ್ಸೂ ಒಂದೇ. 244ನ್ನು 1.11ರಿಂದ ಭಾಗಿಸಿ, 220 ಬರುತ್ತದೆ. ಕೆಲವು ಇನ್ವರ್ಟರ್ ನಡುವೆ ಸೊನ್ನೆಯಲ್ಲಿ ಸ್ವಲ್ಪ ನಿಂತು ಮುಂದೆ ಹೋಗುತ್ತವೆ. ಅವಕ್ಕೆ ಈ ಲೆಕ್ಕ ನಡೆಯುವುದಿಲ್ಲ, ಟ್ರೂ ಆರ್‌ಎಂಎಸ್ ಮೀಟರ್ ಇಟ್ಟೇ ನೋಡಬೇಕು.