ಪಿಎಫ್‌ಲಾಗ್‌ಸಮ್ ವರದಿಯಲ್ಲಿ ‘ಡಿಫರ್ಡ್’ ಸಂಖ್ಯೆಯನ್ನು ಹೇಗೆ ಓದಬೇಕು?

ಪ್ರಶ್ನೆ:
ನಮಸ್ಕಾರ. ನಮ್ಮ ಕಾಲೇಜಿನ ಪೋಸ್ಟ್‌ಫಿಕ್ಸ್ (ಮೇಲ್ ಕಳುಹಿಸುವ ತಂತ್ರಾಂಶ) ಸರ್ವರ್‌ನ ಒಂದು ವಾರದ ಲಾಗ್ ಫೈಲನ್ನು, ಅದರ ಸಾರಾಂಶ ತೆಗೆಯುವ ಪಿಎಫ್‌ಲಾಗ್‌ಸಮ್‌ಗೆ ಕೊಟ್ಟು ವರದಿ ತೆಗೆದಿದ್ದೇನೆ. ಅದರ ಆರಂಭದಲ್ಲಿಯೇ ಡಿಫರ್ಡ್ (ಮುಂದೂಡಲಾದ ಮೇಲ್‌ಗಳು) 12 ಎಂದೂ ಪಕ್ಕದ ಆವರಣದಲ್ಲಿ 1,140 ಡಿಫರಲ್ಸ್ ಎಂದೂ ಇದೆ. ಪರೀಕ್ಷೆಯ ಪ್ರವೇಶಪತ್ರಗಳು ತಡವಾಗಿ ತಲುಪಿದವೆಂದು ಕೆಲವು ವಿದ್ಯಾರ್ಥಿಗಳು ದೂರಿರುವುದರಿಂದ, ಸಾವಿರಕ್ಕೂ ಹೆಚ್ಚು ಮೇಲ್‌ಗಳು ಸಿಲುಕಿಕೊಂಡಿದ್ದವೇ ಎಂಬುದನ್ನು ಖಚಿತಪಡಿಸಿಕೊಳ್ಳಬೇಕಾಗಿದೆ. ಅಲ್ಲದೆ, ಡೆಲಿವರ್ಡ್ ಸಂಖ್ಯೆಯು ನಾವು ಕಳುಹಿಸಿದ ಮೇಲ್‌ಗಳ ಹೆಚ್ಚುಕಡಿಮೆ ಇಮ್ಮಡಿಯಾಗಿದೆ. ಸರ್ವರ್‌ನಲ್ಲಿ ಮೇಲ್‌ಗಳ ವೈರಸ್, ಸ್ಪ್ಯಾಮ್ ಪರಿಶೀಲಿಸುವ ಅಮಾವಿಸ್ ಸಹ ಇದೆ.

ಉತ್ತರ 1:
ಸಿಲುಕಿದ್ದು 12 ಮೇಲ್‌ಗಳು ಮಾತ್ರ. 1,140 ಎಂಬುದು ವಿಫಲ ಪ್ರಯತ್ನಗಳ ಲೆಕ್ಕ. ಎದುರಿನ ಸರ್ವರ್ 4ರಿಂದ ಆರಂಭವಾಗುವ ತಾತ್ಕಾಲಿಕ ದೋಷಸಂಖ್ಯೆಯನ್ನು ಕೊಟ್ಟಾಗ ಅಥವಾ ಸಂಪರ್ಕಕ್ಕೇ ಸಿಗದಿದ್ದಾಗ, ಪೋಸ್ಟ್‌ಫಿಕ್ಸ್ ಮೇಲನ್ನು ಉಳಿಸಿಕೊಂಡು ಮತ್ತೆ ಮತ್ತೆ ಪ್ರಯತ್ನಿಸುತ್ತದೆ. ಮೂಲ ಹೊಂದಿಕೆಯಲ್ಲಿ ಈ ಅಂತರವು 300 ಸೆಕೆಂಡಿನಿಂದ ಆರಂಭವಾಗಿ 4,000 ಸೆಕೆಂಡಿನವರೆಗೆ ಬೆಳೆಯುತ್ತದೆ, ಮತ್ತು 5 ದಿನಗಳ ನಂತರವಷ್ಟೇ ಮೇಲನ್ನು ಕಳುಹಿಸಿದವರಿಗೆ ಹಿಂದಿರುಗಿಸಲಾಗುತ್ತದೆ. ಆ ಲೆಕ್ಕದಲ್ಲಿ ತಪ್ಪಾಗಿ ಟೈಪಾದ ಒಂದೇ ವಿಳಾಸವು ಸುಮಾರು ನೂರು ಸಾಲುಗಳನ್ನು ಬರೆಸಬಲ್ಲದು. ನಿಮ್ಮ ಸರಾಸರಿ 95 ಆಗಿರುವುದರಿಂದ, ಇವು ಬಹುಶಃ ಉತ್ತರವನ್ನೇ ಕೊಡದ ಡೊಮೇನ್‌ಗಳಿಗೆ ಹೋದ ಮೇಲ್‌ಗಳು. ಆದರೆ ಒಂದು ಮೇಲ್‌ಗೆ ಹಲವು ಸ್ವೀಕರಿಸುವವರಿದ್ದರೆ ಪ್ರತಿಯೊಬ್ಬರಿಗೂ ಬೇರೆ ಸಾಲು ಬರುತ್ತದೆಂಬುದನ್ನು ಮರೆಯಬೇಡಿ. ಈಗಲೂ ಯಾವ ಡೊಮೇನ್‌ನ ಮೇಲ್‌ಗಳು ಎಷ್ಟು ಹೊತ್ತಿನಿಂದ ಕಾಯುತ್ತಿವೆ ಎಂಬುದನ್ನು ‘ಕ್ಯೂಶೇಪ್’ ಆಜ್ಞೆ ತೋರಿಸುತ್ತದೆ.

ಉತ್ತರ 2:
ಡೆಲಿವರ್ಡ್ ಸಂಖ್ಯೆ ಇಮ್ಮಡಿಯಾಗಲು ಅಮಾವಿಸ್ ಕಾರಣ. ಸಾಮಾನ್ಯ ಜೋಡಣೆಯಲ್ಲಿ ಪೋಸ್ಟ್‌ಫಿಕ್ಸ್ ಮೇಲನ್ನು 10024ನೇ ಪೋರ್ಟ್‌ನಲ್ಲಿ ಅಮಾವಿಸ್‌ಗೆ ಒಪ್ಪಿಸುತ್ತದೆ. ಪರಿಶೀಲನೆಯಾದ ಮೇಲ್ 10025ರ ಮೂಲಕ ಮರಳಿ ಬಂದು ಹೊಸ ಕ್ಯೂ (ಮೇಲ್‌ಗಳ ಸರದಿ) ಸಂಖ್ಯೆ ಪಡೆಯುತ್ತದೆ. ಎರಡೂ ಸಲ ಲಾಗ್‌ನಲ್ಲಿ ‘ಸೆಂಟ್’ ಎಂದೇ ದಾಖಲಾಗುವುದರಿಂದ ಪಿಎಫ್‌ಲಾಗ್‌ಸಮ್ ಎರಡನ್ನೂ ಎಣಿಸುತ್ತದೆ. ರಿಲೇ 127.0.0.1 (ಅಂದರೆ ಇದೇ ಯಂತ್ರ) ಎಂದಿರುವ ಸಾಲುಗಳನ್ನು ಸಾಲು ಹುಡುಕುವ ‘ಗ್ರೆಪ್’ ಆಜ್ಞೆಯಿಂದ ಮೊದಲೇ ಬೇರ್ಪಡಿಸಿ, ಉಳಿದದ್ದನ್ನು ವರದಿಗೆ ಕೊಡಿ. ಆದರೆ ಮೂಲ ಫೈಲನ್ನು ಹಾಗೆಯೇ ಉಳಿಸಿಕೊಳ್ಳಿ, ಏಕೆಂದರೆ ಆ ಸಾಲಿನ ಕೊನೆಯಲ್ಲಿರುವ ಹೊಸ ಕ್ಯೂ ಸಂಖ್ಯೆಯೇ ಒಂದು ಮೇಲ್‌ನ ಪೂರ್ತಿ ದಾರಿಯನ್ನು ಹಿಡಿಯಲು ನೆರವಾಗುವ ಕೊಂಡಿ.

ಉತ್ತರ 3:
ವಿದ್ಯಾರ್ಥಿಗಳ ದೂರಿಗೆ ಉತ್ತರ ಈ ಎರಡು ಸಂಖ್ಯೆಗಳಲ್ಲಿ ಸಿಗಲಾರದು. ತಡವಾದರೂ ತಲುಪಿದ ಮೇಲ್ ಒಮ್ಮೆಯೂ ಡಿಫರ್ ಆಗದೆ ಇದ್ದಿರಬಹುದು. ಆದ್ದರಿಂದ ‘ಸ್ಟೇಟಸ್=ಸೆಂಟ್’ ಸಾಲುಗಳಲ್ಲಿ ‘ಡಿಲೇ’ ಮೌಲ್ಯ ದೊಡ್ಡದಿರುವುದನ್ನು ಆರಿಸಿ, ಅದರ ಪಕ್ಕದ ‘ಡಿಲೇಸ್’ನ ನಾಲ್ಕು ಭಾಗಗಳನ್ನು ನೋಡಿ. ಮೊದಲನೆಯದು ಮೇಲ್ ಬಂದಾಗಿನಿಂದ ಕಡೆಯ ಬಾರಿ ಸಕ್ರಿಯ ಕ್ಯೂಗೆ (ಈಗ ಕಳುಹಿಸಲು ಎತ್ತಿಕೊಂಡ ಮೇಲ್‌ಗಳ ಸರದಿಗೆ) ಸೇರುವವರೆಗಿನ ಸಮಯ. ಹಿಂದಿನ ಡಿಫರಲ್‌ಗಳ ಕಾಯುವಿಕೆಯೂ ಇದರಲ್ಲೇ ಸೇರುತ್ತದೆ. ಎರಡನೆಯದು ಸಕ್ರಿಯ ಕ್ಯೂನಲ್ಲಿ ಕಾದದ್ದು, ಮೂರನೆಯದು ಸಂಪರ್ಕಕ್ಕೆ ತಗುಲಿದ್ದು, ನಾಲ್ಕನೆಯದು ಮೇಲನ್ನು ದಾಟಿಸಲು ಹಿಡಿದದ್ದು. ಪ್ರವೇಶಪತ್ರಗಳನ್ನೆಲ್ಲ ಒಂದೇ ಏಟಿಗೆ ಒಂದೇ ಮೇಲ್ ಸೇವೆಯ ವಿಳಾಸಗಳಿಗೆ ಕಳುಹಿಸಿದ್ದರೆ ಎರಡನೆಯದು ಉಬ್ಬಿರುತ್ತದೆ, ಏಕೆಂದರೆ ಒಂದು ಗಮ್ಯಕ್ಕೆ ಏಕಕಾಲದಲ್ಲಿ 20ಕ್ಕಿಂತ ಹೆಚ್ಚು ಸಂಪರ್ಕಗಳನ್ನು ಪೋಸ್ಟ್‌ಫಿಕ್ಸ್ ಮೂಲ ಹೊಂದಿಕೆಯಲ್ಲಿ ತೆರೆಯುವುದಿಲ್ಲ. ಹಾಗಿದ್ದಲ್ಲಿ ಆ ಮಿತಿಯನ್ನು ಏರಿಸುವ ಬದಲು, ಮೇಲ್‌ಗಳನ್ನು ತಂಡತಂಡವಾಗಿ ಒಂದು ದಿನ ಮುಂಚಿತವಾಗಿ ಕಳುಹಿಸುವುದೇ ಒಳ್ಳೆಯದೆಂದು ನನ್ನ ಅಭಿಪ್ರಾಯ. ಮಿತಿ ಏರಿಸಿದರೆ ಎದುರಿನ ಸರ್ವರ್ 4ರ ದೋಷಗಳನ್ನು ಕೊಡತೊಡಗಬಹುದು. ‘ಸೆಂಟ್’ ಎಂದರೆ ಎದುರಿನ ಸರ್ವರ್ ಮೇಲನ್ನು ಸ್ವೀಕರಿಸಿತು ಎಂದಷ್ಟೇ ಅರ್ಥ. ಅದು ಇನ್‌ಬಾಕ್ಸ್‌ಗೆ ಹೋಯಿತೋ ಸ್ಪ್ಯಾಮ್‌ಗೆ ಹೋಯಿತೋ ಎಂಬುದು ನಿಮ್ಮ ಲಾಗ್‌ನಲ್ಲಿ ಇರುವುದಿಲ್ಲವಾದ್ದರಿಂದ, ದೂರು ಕೊಟ್ಟವರನ್ನು ಅದನ್ನೂ ಕೇಳಿ ನೋಡಿ.