ಶಾಲೆ ಜಗಲಿಯಲ್ಲಿ ಪತಂಗ ನೋಡುವ ರಾತ್ರಿ: ಮಾಡಿದವರು ಅನುಭವ ಹೇಳಿ

ಕುಮಟಾ ಹತ್ತಿರದ ಹಳ್ಳಿ ಶಾಲೆಯಲ್ಲಿ ಕಲಿಸುತ್ತೇನೆ. ಜುಲೈ ಕೊನೆಯಲ್ಲಿ ಲೋಕದೆಲ್ಲೆಡೆ ಜನ ಪತಂಗ ನೋಡಿ ದಾಖಲಿಸುವ ಪತಂಗ ಸಪ್ತಾಹಕ್ಕೆ ಮಕ್ಕಳು, ಪಾಲಕರನ್ನು ಸೇರಿಸಿ ಒಂದು ರಾತ್ರಿ ಪತಂಗ ನೋಡಬೇಕೆಂದಿದೆ. ಆ ಮಳೆಯಲ್ಲಿ ಆಗುವ ಕೆಲಸವೇ? ಏನೇನು ಬೇಕು?

ಶಿರಸಿಯಿಂದ:
ಅಕ್ಕೋರೆ, ಖಂಡಿತ ಮಾಡಿ. ಸಪ್ತಾಹ ಶುರುವಾಗಿದ್ದು 2012ರಲ್ಲಿ, ಅಮೆರಿಕದಲ್ಲಿ. ಅಲ್ಲಿ ಜುಲೈ ಬೇಸಿಗೆ, ನಮಗೆ ಜಡಿಮಳೆ. ಆದರೂ ಹೊಳವಾದ ರಾತ್ರಿಗಿಂತ ಮೋಡ ಕವಿದ, ಗಾಳಿಯಿಲ್ಲದ, ಬೆಚ್ಚನೆಯ ರಾತ್ರಿಯಲ್ಲೇ ಪತಂಗ ಹೆಚ್ಚು. ಕಾಡಿಗೆ ಹೋಗುವ ಅಗತ್ಯವೂ ಇಲ್ಲ. ರಕ್ಷಿತಾರಣ್ಯಕ್ಕಾದರೆ ಇಲಾಖೆಯ ಅನುಮತಿ ಬೇಕು, ಉಂಬಳದ (ಜಿಗಣೆಯ) ಕಾಟ ಬೇರೆ. ನಾವು ಮನೆ ಜಗಲಿಯಲ್ಲೇ, ತೋಟಕ್ಕೆ ಸೊಪ್ಪು ತರುವ ಬೆಟ್ಟಕ್ಕೆ ಎದುರಾಗಿ ಬಿಳಿ ಪಂಚೆ ಕಟ್ಟಿ, ಮುಂದೆ ದೀಪ ಹಚ್ಚುತ್ತೇವೆ. ಬೆಳಕಿಗೆ ಬಂದ ಪತಂಗಗಳು ಪಂಚೆಯ ಮೇಲೆ ಕೂರುತ್ತವೆ.

ಮನೆಯ ಎಲ್‌ಇಡಿ ಬಲ್ಬಿಗೆ ಅಷ್ಟಾಗಿ ಬರುವುದಿಲ್ಲ, ಪತಂಗಗಳನ್ನು ಸೆಳೆಯುವ ನೇರಳಾತೀತ (ಯುವಿ) ಬೆಳಕು ಅದರಲ್ಲಿ ತೀರಾ ಕಡಿಮೆ. ಹಳೇ 160 ವ್ಯಾಟಿನ ಮರ್ಕ್ಯುರಿ ಬಲ್ಬ್ ಅಥವಾ ಯುವಿ ಟ್ಯೂಬ್ ಹುಡುಕಿ. ಕಾದ ಮರ್ಕ್ಯುರಿ ಬಲ್ಬಿಗೆ ಮಳೆಹನಿ ಸಿಡಿದರೆ ಒಡೆಯಬಹುದು. ಮಕ್ಕಳು ದೀಪವನ್ನೇ ದಿಟ್ಟಿಸದಂತೆ ನೋಡಿಕೊಳ್ಳಿ. ಸೊಳ್ಳೆ ಬತ್ತಿ ಬೇಡವೇ ಬೇಡ, ಪತಂಗಗಳೂ ಸಾಯುತ್ತವೆ. ತುಂಬುತೋಳಿನ ಅಂಗಿ ಹಾಕಿಸಿ.

ಹೋದ ವರ್ಷ ಒಂದು ಹಾಕ್ ಪತಂಗ ನನ್ನ ತಮ್ಮನ ಮಗಳ ಅಂಗೈ ಮೇಲೆ ಕೂತು ಗಡಗಡ ನಡುಗತೊಡಗಿತು. "ಇದಕ್ಕೆ ಚಳಿಯಾ?" ಎಂದಳು. ಹಾರುವ ಮೊದಲು ಹಾಗೆ ನಡುಗಿಯೇ ಅದು ಮೈ ಬಿಸಿ ಮಾಡಿಕೊಳ್ಳುವುದು ಎಂದೆ. ಅವಳು ಉಸಿರು ಬಿಗಿಹಿಡಿದು ಕೈ ಚಾಚಿಕೊಂಡೇ ನಿಂತಳು, ಅದು ಬುರ್ರೆಂದು ಹೋಗುವ ತನಕ.

ಒಂದು ತಪ್ಪು ನೀವು ಮಾಡಬೇಡಿ. ಮೊದಲ ವರ್ಷ ದೀಪವನ್ನು ಬೆಳಗಿನವರೆಗೂ ಹಾಗೇ ಬಿಟ್ಟಿದ್ದೆ. ಎದ್ದು ನೋಡಿದರೆ ಪಂಚೆಯ ಬುಡದಲ್ಲಿ ಮಡಿವಾಳ ಹಕ್ಕಿ, ಜಗಲಿ ತುಂಬ ಬರೀ ರೆಕ್ಕೆ. ಅದರಲ್ಲಿ ಚಂದ್ರ ಪತಂಗದ ತಿಳಿಹಸಿರು ಬಾಲವೂ ಇತ್ತು. ರೆಕ್ಕೆ ಬಂದ ಮೇಲೆ ಅದು ಏನನ್ನೂ ತಿನ್ನುವುದಿಲ್ಲ, ಬದುಕುವುದೇ ವಾರದಷ್ಟು. ಅದರಲ್ಲೊಂದು ರಾತ್ರಿಯನ್ನು ನಾನು ಕಿತ್ತುಕೊಂಡಿದ್ದೆ. ಈಗ ಹತ್ತೂವರೆಗೆ ದೀಪ ಆರಿಸಿ, ಪಂಚೆಯನ್ನು ಗಿಡಗಳ ಮರೆಯಲ್ಲಿ ಮೆಲ್ಲಗೆ ಕೊಡವಿಯೇ ಮಲಗುತ್ತೇನೆ.

ಹೊನ್ನಾವರದಿಂದ:
ನಮ್ಮ ಕರಾವಳಿಯಲ್ಲಿ ತೊಂದರೆ ಕಡಲ ಗಾಳಿಯದು. ಕಟ್ಟಡದ ಮೂಡು ಬದಿಗೆ ಕಟ್ಟಿ, ಅಮಾವಾಸ್ಯೆಯ ಆಸುಪಾಸಿನ ದಿನ ಹಿಡಿಯಿರಿ. ಕರೆಂಟು ಹೋಗುವುದಂತೂ ಇದ್ದದ್ದೇ. ಅದಕ್ಕೆ ಕಳಿತ ಬಾಳೆಹಣ್ಣಿಗೆ ಬೆಲ್ಲ ಕಲಸಿ ಒಂದು ದಿನ ಹುಳಿಬರಿಸಿ, ಮಾಡಿನ ಕೆಳಗಿನ ಕಂಬಕ್ಕೆ ಸವರಿಡಿ. ಹಣ್ಣು ಹೀರುವ ಪತಂಗಗಳು ದೀಪವಿಲ್ಲದೆಯೂ ಬರುತ್ತವೆ. ಟಾರ್ಚ್ ಹಿಡಿದು ಮೆಲ್ಲಗೆ ಹೋದರೆ ಸೊಂಡಿಲು ಚಾಚಿ ಕುಡಿಯುವುದು ಕಾಣುತ್ತದೆ.

ಯಲ್ಲಾಪುರದಿಂದ:
ಫೋಟೊಗಳನ್ನು ಜೀವಿಗಳ ದಾಖಲೆಯ ಜಾಲತಾಣಗಳಾದ ಐನ್ಯಾಚುರಲಿಸ್ಟ್‌ಗೋ ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್‌ಗೋ ಹಾಕಿ. ಎರಡೂ ರೆಕ್ಕೆ ಕಾಣುವಂತೆ ಮೇಲಿನಿಂದ ತೆಗೆಯಿರಿ, ಪಕ್ಕದಲ್ಲಿ ಮಕ್ಕಳ ಅಡಿಪಟ್ಟಿ ಇಟ್ಟರೆ ಅಳತೆಯೂ ಸಿಗುತ್ತದೆ. ಹೆಸರು ಗೊತ್ತಿಲ್ಲದಿದ್ದರೆ ಬರೀ ಪತಂಗ ಎಂದು ಹಾಕಿ, ತಿಳಿದವರು ಗುರುತಿಸುತ್ತಾರೆ. ತಾರೀಖು, ಜಾಗ ಸರಿ ಇರಲಿ. ಎಲ್ಲರೂ ದೊಡ್ಡ ಅಟ್ಲಾಸ್ ಪತಂಗ ಬಂದರೆ ಮುಗಿಬೀಳುತ್ತಾರೆ, ಮೂಲೆಯ ಸಣ್ಣ ಕಂದು ಪತಂಗ ಹಾಗೇ ಹೋಗುತ್ತದೆ. ನಮ್ಮ ದೇಶದಲ್ಲಿ ಪತಂಗಗಳೇ 10,000ಕ್ಕೂ ಹೆಚ್ಚು ಬಗೆ, ಬಹುಪಾಲು ಇಂಥವೇ. ಆಗುವುದಾದರೆ ಅದೇ ಜಗಲಿಯಲ್ಲಿ ಪ್ರತಿ ಅಮಾವಾಸ್ಯೆಗೆ ಒಂದು ತಾಸು ಪಂಚೆ ಕಟ್ಟಿ. ಯಾವ ತಿಂಗಳು ಯಾವುದು ಬಂತೆಂದು ಏಳನೇ ಕ್ಲಾಸಿನ ಮಕ್ಕಳೇ ಬರೆದಿಡಬಲ್ಲರು.